1340 ಫಸ್ಲಿ

ಹೋದ ಹೋಳಿಯ ಮರುದಿನ ಕಲಬುರಗಿಯ ನಮ್ಮ ಮನೆಗೆ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತನಾಲ್ಕು, ಇಪ್ಪತ್ತೈದು ವಯಸ್ಸಿರಬೇಕು. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದ. ಆದರೂ ಕಿವಿಯ ಹಿಂದೆ ಗುಲಾಲು ಉಳಿದಿತ್ತು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲ.

"ಅರ್ಜಿ ಬರಿಯೋ ಮುತ್ಯಾರ ಮನಿ ಇದೇ ಏನ್ರಿ?" ಅಂದ.

ಹೌದು ಅಂದೆ.

"ಮುತ್ಯಾರು ಅದಾರೇನ್ರಿ?"

ಅಪ್ಪ ತೀರಿಕೊಂಡಿದ್ದು 2020ರ ನವೆಂಬರಿನಲ್ಲಿ, ದೀಪಾವಳಿ ಕಳೆದು ಒಂಬತ್ತನೇ ದಿನಕ್ಕೆ. ಹುಡುಗನಿಗೆ ಸುದ್ದಿ ಗೊತ್ತಿರಲಿಲ್ಲ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಬಹಳ ವರ್ಷ ಆಗಿತ್ತಂತೆ. ಹೇಳಿದ ಮೇಲೆ ಸುಮ್ಮನೆ ನಿಂತ. ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಯ ಮೇಲಿದ್ದ ಅಪ್ಪನ ಫೋಟೋಗೆ ಕೈ ಮುಗಿದ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದ. ಪಾಲಿಥಿನ್ ಹಾಳೆಯಲ್ಲಿ ಸುತ್ತಿದ, ನಾಲ್ಕು ಮಡಿಕೆಯ, ಚಹಾದ ಬಣ್ಣಕ್ಕೆ ತಿರುಗಿದ ಕಾಗದ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಈ ಕಾಗದದ ವಿಷಯಕ್ಕೇ ನಾನೂ ಅಪ್ಪನೂ ಒಮ್ಮೆ ಜಗಳ ಆಡಿದ್ದೆವು.

ಅಪ್ಪ ಹುಟ್ಟಿದ್ದು 1938ರಲ್ಲಿ, ಚಿಂಚೋಳಿ ಸೀಮೆಯಲ್ಲಿ, ಮುಲ್ಲಾಮಾರಿ ನದಿ ದಂಡೆಯ ಒಂದು ಹಳ್ಳಿಯಲ್ಲಿ. ಆಗ ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಅಲಿಫ್ ಬೇ ಕಲಿತು ಎಷ್ಟೋ ದಿನ ಆದ ಮೇಲೆ ಅವರಿಗೆ ಅ ಆ ಇ ಈ ಸಿಕ್ಕಿದ್ದು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆದಾಗ ಅವರಿಗೆ ಹತ್ತು ವರ್ಷ. 1956ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರುವ ಹೊತ್ತಿಗೆ ಅವರ ಉರ್ದು ಯಾವ ನೌಕರಿಗೂ ಬಾರದ ವಿದ್ಯೆಯಾಗಿತ್ತು. ಆದರೆ ಹಳೆಯ ಪಹಣಿ, ಹಳೆಯ ರಸೀದಿ, ಹಳೆಯ ನಕಾಶೆ ಎಲ್ಲ ಉರ್ದುವಿನಲ್ಲೇ ಇದ್ದವು. ಓದುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದರು. ಹಾಗಾಗಿ ಅಪ್ಪ ತಾಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತರು. ಮೇಜಿನ ಮೇಲೆ ಮಸಿ ಬಾಟಲಿ, ಕಾರ್ಬನ್ ಹಾಳೆ, ಕನ್ನಡಿ ಅಂತ ಅವರು ಕರೆಯುತ್ತಿದ್ದ ಒಂದು ಭೂತಗನ್ನಡಿ. ಕಾಲ ಬಳಿ ತಗಡಿನ ಟ್ರಂಕು. ಐವತ್ತು ವರ್ಷಕ್ಕಿಂತ ಜಾಸ್ತಿ ಅದೇ ಜಾಗ.

ತಾಂಡಾದವರಿಂದ, ಅಂದರೆ ಲಂಬಾಣಿ ಹಟ್ಟಿಗಳವರಿಂದ, ಅಪ್ಪ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ದಸರಾ ಹೊತ್ತಿಗೆ ಬುಟ್ಟಿಗಟ್ಟಲೆ ಸೀತಾಫಲ ಬರುತ್ತಿತ್ತು. ಕಣ್ಣು ಬಿಟ್ಟ ಕಾಯಿಗಳನ್ನು ಅವ್ವ ತೊಗರಿ ಹೊಟ್ಟಿನಲ್ಲಿ ಹೂತು ಹಣ್ಣಿಗೆ ಇಡುತ್ತಿದ್ದಳು. ಇಡುವಾಗೆಲ್ಲ ಗೊಣಗುತ್ತಿದ್ದಳು. "ಮಕ್ಕಳ ಫೀಸು ಸೀತಾಫಲದಾಗ ಕಟ್ಟಲಿಕ್ಕ ಬರ್ತದೇನು?" ಅಪ್ಪ ನಗುತ್ತಿರಲಿಲ್ಲ, ಉತ್ತರವನ್ನೂ ಕೊಡುತ್ತಿರಲಿಲ್ಲ. ಅವ್ವನ ಮಾತಿನಲ್ಲಿ ಸುಳ್ಳಿಲ್ಲ ಅಂತ ಅವರಿಗೂ ಗೊತ್ತಿತ್ತು.

ಕಲಬುರಗಿ ಅಂದರೆ ಬಿಸಿಲು, ತೊಗರಿ, ಶಹಾಬಾದ್ ಕಲ್ಲು ಅಷ್ಟೇ ಅಂದುಕೊಂಡವರು ಬಹಳ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಲ್ಲೂ ಕೊಂಚಾವರಂ ಕಾಡು ನೋಡದವರಿದ್ದಾರೆ. ಅಪ್ಪನಿಗೆ ಆ ಕಾಡೇ ದೊಡ್ಡ ಊರು. ಭಾನುವಾರ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಹೊರಡುತ್ತಿದ್ದರು. ಚಂದ್ರಂಪಳ್ಳಿ ನೀರಿನ ದಂಡೆ, ಗೊಟ್ಟಂಗೊಟ್ಟ, ಮಳೆಗಾಲವಾದರೆ ಎತ್ತಿಪೋತ ಜಲಪಾತ. ಬೇಸಿಗೆಯಲ್ಲಿ ನೋಡಿದವರು ಅದನ್ನು ಕಾಡು ಅನ್ನಲಿಕ್ಕೇ ಒಪ್ಪುವುದಿಲ್ಲ. ಎಲೆ ಇಲ್ಲ, ನೆರಳಿಲ್ಲ. ಕೆಂಪು ಕಲ್ಲು, ಕಡ್ಡಿ ಕಡ್ಡಿ ಮರ. ಅದರ ನಡುವೆ ಮುತ್ತಲ ಮರ ಮಾತ್ರ ಒಂದು ಎಲೆಯೂ ಇಲ್ಲದೆ ಮೈತುಂಬ ಕೆಂಡದಂಥ ಹೂ ಬಿಟ್ಟು ನಿಂತಿರುತ್ತದೆ. ಆ ಹೂ ಕುದಿಸಿ ಬಂದ ಬಣ್ಣದಲ್ಲೇ ನಾವು ಚಿಕ್ಕವರಿದ್ದಾಗ ಹೋಳಿ ಆಡಿದ್ದು. ಜೂನ್ ಕೊನೆಗೆ ಎರಡು ಮಳೆ ಬಿದ್ದರೆ ಸಾಕು, ಅದೇ ಗುಡ್ಡವನ್ನು ಗುರುತು ಹಿಡಿಯಲು ಆಗುವುದಿಲ್ಲ.

ನನಗೆ ಒಂಬತ್ತು ವರ್ಷ ಇದ್ದಾಗಿನ ಒಂದು ಬೆಳಿಗ್ಗೆ ಇವತ್ತಿಗೂ ಕಣ್ಣ ಮುಂದಿದೆ. ಕಾಡಂಚಿನ ಒಂದು ಹೊಲದ ಬದುವಿನಲ್ಲಿ ನಾಲ್ಕೈದು ಜನ ಕುರಿಗಾಹಿಗಳು ಸೇರಿದ್ದರು. ಬದುವಿನ ಬುಡದಲ್ಲಿ ತೋಳದ ಗವಿ. ಹಿಂದಿನ ರಾತ್ರಿ ಒಂದು ಕುರಿಮರಿ ಹೋಗಿತ್ತು. ಗವಿಯ ಬಾಯಿಗೆ ಒಣಹುಲ್ಲು ತುರುಕಿ, ಮೇಲೆ ಒಂದು ಹಿಡಿ ಒಣ ಮೆಣಸಿನಕಾಯಿ ಇಟ್ಟಿದ್ದರು. ಕಡ್ಡಿ ಗೀರುವುದೊಂದೇ ಬಾಕಿ. ಅಪ್ಪ ಹೋಗಿ ಹುಲ್ಲನ್ನು ಕೈಯಿಂದ ಎಳೆದು ಹಾಕಿ ಗವಿಯ ಬಾಯಿಗೆ ಅಡ್ಡ ಕೂತುಬಿಟ್ಟರು. ಬಿಳಿ ಧೋತರ, ಕೆಂಪು ಮಣ್ಣು. ಯಾರೋ ಬೈದರು. ಅಪ್ಪ ಜಗಳಕ್ಕೆ ಇಳಿಯಲಿಲ್ಲ. "ಮರಿ ಎಷ್ಟಕ್ಕ ಮಾರ್ತಿದ್ದಿ ಹೇಳು" ಅಂತ ಕುರಿ ಕಳೆದುಕೊಂಡವನನ್ನು ಕೇಳಿದರು. ಅವನು ಒಂದು ಮೊತ್ತ ಹೇಳಿದ. ಅಪ್ಪ ಒಳಅಂಗಿಯ ಜೇಬಿನಿಂದ ತೆಗೆದು ಎಣಿಸಿ ಕೊಟ್ಟರು. ಅದು ಆ ತಿಂಗಳ ಜೋಳದ ದುಡ್ಡು. ಎಲ್ಲರೂ ಚದುರಿದ ಮೇಲೆ ನನ್ನನ್ನು ಕರೆದು, "ಯವ್ವಾ, ಕಿವಿ ಇಟ್ಟು ಕೇಳು" ಅಂದರು. ಬಗ್ಗಿ ಕಿವಿ ಇಟ್ಟೆ. ಮಣ್ಣಿನ ಒಳಗಿಂದ, ನಾಯಿಮರಿಗಿಂತ ಸಣ್ಣ ದನಿಯಲ್ಲಿ, ಕುಂಯ್ ಕುಂಯ್.

ಆ ಕುರಿಗಾಹಿಯನ್ನು ಅಪ್ಪ ಒಂದು ದಿನವೂ ಕೆಟ್ಟವನು ಅನ್ನಲಿಲ್ಲ. ಅವನ ನಷ್ಟವೂ ನಿಜ, ಗವಿಯೊಳಗಿನ ದನಿಯೂ ನಿಜ. ಮುಂದೆ ಕಾಡಿನ ವಿಷಯದಲ್ಲಿ ಅಪ್ಪ ಬರೆದ ಯಾವ ಅರ್ಜಿಯಲ್ಲೂ ಈ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬರೆದದ್ದು ನಾನು ನೋಡಿಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರ ಡಿಸೆಂಬರಿನಲ್ಲಿ, ನಿಯಮಗಳು 2008ರ ಜನವರಿ 1ಕ್ಕೆ. ಅಪ್ಪನಿಗೆ ಆಗ ಎಪ್ಪತ್ತು. ಕಾಯ್ದೆಯ ಕನ್ನಡ ಪ್ರತಿಗೆ ವೃತ್ತಪತ್ರಿಕೆಯ ರಟ್ಟು ಹಾಕಿ, ಶಾಲೆ ಮಕ್ಕಳ ಹಾಗೆ ಅಡಿಗೆರೆ ಎಳೆದು ಓದಿದರು. ಕಾಡಿನೊಳಗೆ, ಕಾಡಂಚಿನಲ್ಲಿ ತಲೆತಲಾಂತರದಿಂದ ಬದುಕಿದವರಿಗೆ ಉಳುವ ಜಮೀನಿನ ಮೇಲೆ, ಜೇನು, ಬೀಡಿ ಎಲೆಯಂಥ ಉತ್ಪನ್ನಗಳ ಮೇಲೆ, ದನ ಮೇಯಿಸುವ ಜಾಗದ ಮೇಲೆ ಹಕ್ಕು ಕೊಡುವ ಕಾಯ್ದೆ ಅದು. ಅರ್ಜಿಯನ್ನು ಮೊದಲು ನೋಡುವುದು ಯಾವ ಸಾಹೇಬರೂ ಅಲ್ಲ, ಗ್ರಾಮಸಭೆ. ಈ ಮಾತು ಓದಿದ ರಾತ್ರಿ ಅಪ್ಪ ಊಟ ಬಿಟ್ಟು ನನಗೆ ಫೋನ್ ಮಾಡಿದ್ದರು. ಅಷ್ಟು ಖುಷಿ.

ತೊಡಕು ಕಂಡಿದ್ದು ಆಮೇಲೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಆ ಜಮೀನು ತಮ್ಮ ಕೈಯಲ್ಲಿದೆ ಅಂತ ತೋರಿಸಿದರೆ ಸಾಕು. ಪಂಗಡದವರು ಅಲ್ಲವಾದರೆ, ಆ ತಾರೀಖಿಗೂ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲೇ ಬದುಕಿದ್ದೇವೆ ಅಂತ ತೋರಿಸಬೇಕು. ನಮ್ಮ ಕಡೆ ಕಾಡಿನಲ್ಲಿ ಇರುವವರಲ್ಲಿ ಬಹಳ ಜನ ಲಂಬಾಣಿಗರು. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಅವರು ಪರಿಶಿಷ್ಟ ಪಂಗಡ. ಗಡಿಯ ಈ ಕಡೆ ಪರಿಶಿಷ್ಟ ಜಾತಿ. ಅದೇ ಗೋರ್ ಬೋಲಿ ಭಾಷೆ, ಅದೇ ಗುರು ಸೇವಾಲಾಲ್ ಮಹಾರಾಜರು, ಎಷ್ಟೋ ಮನೆಗಳಲ್ಲಿ ಅಕ್ಕನನ್ನು ಆ ಕಡೆ ಕೊಟ್ಟಿದ್ದಾರೆ, ತಂಗಿ ಈ ಕಡೆ ಇದ್ದಾಳೆ. 1956ರಲ್ಲಿ ಎಳೆದ ಗೆರೆ. ಅದಕ್ಕೂ ಮುಂಚೆ ಎರಡೂ ಕಡೆ ಒಂದೇ ಹೈದರಾಬಾದ್ ರಾಜ್ಯ. ಅಕ್ಕ 2005ರ ಸಾಕ್ಷಿ ತಂದರೆ ಆಯಿತು, ತಂಗಿ 1930ರ ಸಾಕ್ಷಿ ತರಬೇಕು. ಇದು ನ್ಯಾಯವೇ ಅಂತ ನಾನು ಇವತ್ತಿಗೂ ಕೇಳುತ್ತೇನೆ.

1930 ಅಂದರೆ ನಿಜಾಮರ ಕಾಲ. ಆಗಿನ ಕಂದಾಯದ ಕಾಗದಗಳಲ್ಲಿ ಇಸವಿ ಇರುವುದಿಲ್ಲ, ಫಸ್ಲಿ ಅನ್ನುವ ಕಂದಾಯದ ವರ್ಷ ಇರುತ್ತದೆ. ಫಸ್ಲಿಗೆ 590 ಕೂಡಿಸಿದರೆ ನಮ್ಮ ಇಸವಿ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಅಪ್ಪ ಲೆಕ್ಕ ಹಾಕಿ ಟ್ರಂಕಿನ ಮುಚ್ಚಳದ ಒಳಮೈಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು: 1340 ಫಸ್ಲಿ. ಅದಕ್ಕಿಂತ ಈಚಿನ ಕಾಗದ ಸಿಕ್ಕರೆ 75 ವರ್ಷ ತುಂಬುವುದಿಲ್ಲ. ಅಷ್ಟು ಹಳೆಯದು ಅಥವಾ ಅದಕ್ಕೂ ಹಿಂದಿನದು ಬೇಕು. ಆ ವರ್ಷವೆಲ್ಲ ಅಪ್ಪ ತಾಂಡಾ ತಾಂಡಾ ತಿರುಗಿ ಕೇಳಿದ್ದು ಇಷ್ಟೇ: ಹಳೆಯ ಕಾಗದ ಇದ್ದರೆ ಎಸೆಯಬೇಡಿ, ಓದಲು ಬಾರದಿದ್ದರೂ ಎಸೆಯಬೇಡಿ, ನನಗೆ ತೋರಿಸಿ.

2009ರಲ್ಲಿ ಒಂದು ತಾಂಡಾದಲ್ಲಿ ಒಬ್ಬ ಅಜ್ಜಿ ಈ ಕಾಗದ ತಂದಳು. ನಾನು ಕೆಲಸ ಮಾಡುವ ಶಾಲೆಗೆ ರಜೆ ಇತ್ತು, ನಾನೂ ಅಪ್ಪನ ಜೊತೆ ಹೋಗಿದ್ದೆ. ಅಜ್ಜಿಗೆ ಎಂಬತ್ತರ ಹತ್ತಿರ. ಮುಂಗೈಯಿಂದ ಮೊಣಕೈ ತನಕ ಬಳೆ. ಸೊಂಟಕ್ಕೆ ಸಿಕ್ಕಿಸಿದ ಕಸೂತಿ ಚೀಲದ ದಾರ ಬಿಚ್ಚಿದಳು. ಎರಡು ಬೆರಳಲ್ಲಿ ಒಳಗೆ ಹುಡುಕಿ ಒಂದೊಂದೇ ತೆಗೆದು ನೆಲದ ಮೇಲೆ ಇಟ್ಟಳು. ಅಡಿಕೆ ಚೂರು, ಒಂದು ಹಳೆಯ ಬೆಳ್ಳಿ ರೂಪಾಯಿ, ಆಮೇಲೆ ಈ ಕಾಗದ. ಅವಳ ಮಾವನ ಕಾಲದ್ದು. ಅವಳು ಮದುವೆಯಾಗಿ ಬಂದಾಗ ಅತ್ತೆ ಕೊಟ್ಟಿದ್ದಂತೆ. ಏನು ಬರೆದಿದೆ ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ಮೂರು ಸಲ ಗುಡಿಸಲು ಸುಟ್ಟಾಗಲೂ ಮೊದಲು ಹೊರಗೆ ಬಂದಿದ್ದು ಇದೇ ಚೀಲ.

ಅಪ್ಪ "ಯಾಡೀ, ಕೊಡು" ಅಂತ ಎರಡೂ ಕೈ ಚಾಚಿ ಇಸಿದುಕೊಂಡರು. ಮಂಚದ ಮೇಲೆ ಧೋತರದ ಸೆರಗು ಹಾಸಿ ಅದರ ಮೇಲೆ ಬಿಡಿಸಿದರು. ಹಳೆಯ ಗುಮಾಸ್ತರ ಕೈಬರಹ, ಶಿಕಸ್ತಾ. ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡುತ್ತವೆ, ಚುಕ್ಕೆಗಳು ಇರುವುದೇ ಇಲ್ಲ. ಅಪ್ಪ ಭೂತಗನ್ನಡಿ ಹಿಡಿದು ಬಲದಿಂದ ಎಡಕ್ಕೆ ನಿಧಾನ ಹೋದರು. ಜಂಗ್ಲಾತಿನಲ್ಲಿ, ಅಂದರೆ ಕಾಡಿನಲ್ಲಿ, ಇಷ್ಟು ದನ ಮೇಯಿಸಿದ್ದಕ್ಕೆ ಇಷ್ಟು ಸುಂಕ ಮುಟ್ಟಿತು. ಕಟ್ಟಿದವನ ಹೆಸರು, ಅವನ ಅಪ್ಪನ ಹೆಸರು. ಓದಿ ಹೇಳುತ್ತಾ ಹೋದ ಹಾಗೆ ಅಜ್ಜಿ ತಲೆ ಮೇಲಿನ ಸೆರಗು ಎಳೆದುಕೊಂಡಳು. ಮಾವನ ಹೆಸರು ಬಂದಾಗ ಅವಳು ಹಾಗೆ ಮಾಡಿದ್ದು ಅಂತ ನನಗೆ ಆಮೇಲೆ ಹೊಳೆಯಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯದು.

ಕೊನೆಗೆ ವರ್ಷ. ಅಪ್ಪನ ಕನ್ನಡಿ ಅಲ್ಲೇ ನಿಂತಿತು.

ಮಡಿಕೆ ಸರಿಯಾಗಿ ವರ್ಷದ ಮೇಲೆ ಬಿದ್ದಿತ್ತು. ಒಂದು ಇತ್ತು. ಮೂರು ಇತ್ತು. ಕೊನೆಯಲ್ಲಿ ಎಂಟು ಇತ್ತು. ನಡುವಿನ ಅಂಕಿಯ ತಲೆ ಮಡಿಕೆಯಲ್ಲಿ ಸವೆದು ಹೋಗಿ, ಕೆಳಗಿನ ಗೀಟು ಮಾತ್ರ ಉಳಿದಿತ್ತು. ಉರ್ದುವಿನಲ್ಲಿ ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಇರುವುದೇ ತಲೆಯಲ್ಲಿ. ಮೂರಾದರೆ 1338, ನಮ್ಮ 1928. ಬೇಕಾದ್ದಕ್ಕಿಂತ ಎರಡು ವರ್ಷ ಹಳೆಯದು. ನಾಲ್ಕಾದರೆ 1348, ನಮ್ಮ 1938. ಎಂಟು ವರ್ಷ ಕಡಿಮೆ. ಅಪ್ಪ ಕಾಗದವನ್ನು ಬಿಸಿಲಿಗೆ ಹಿಡಿದರು. ತಿರುಗಿಸಿ ಹಿಂದಿನಿಂದ ನೋಡಿದರು. ನನ್ನ ಕೈಗೂ ಕೊಟ್ಟರು. ಅಲ್ಲಿ ಬೆಳಕು ತೂರಿ ಬರುವ ಒಂದು ಸಣ್ಣ ತೂತು ಇತ್ತು, ಅಷ್ಟೇ.

ಅವತ್ತು ಸಂಜೆ ಬಸ್ಸಿನಲ್ಲಿ ನಾನು ಅಪ್ಪನಿಗೆ ಹೇಳಿದೆ. 1338 ಅಂತ ಬರೆದುಬಿಡಿ ಅಪ್ಪ. ಅದು ಸುಳ್ಳು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಅದನ್ನು ಓದುವವರಾದರೂ ಎಲ್ಲಿದ್ದಾರೆ? ಇಡೀ ತಾಂಡಾದ ಬದುಕು ಒಂದು ತೂತಿನ ಮೇಲೆ ನಿಂತಿದೆ. ನನ್ನ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅಪ್ಪ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಅಂದರು: "ಓದೋರು ಬ್ಯಾರೆ ಯಾರೂ ಇಲ್ಲ ಯವ್ವಾ. ಅದಕ್ಕೇ ನಾ ಸುಳ್ಳ ಬರೀಬಾರ್ದು."

ಅವರು ತಯಾರಿಸಿದ ಕನ್ನಡ ಪ್ರತಿಯಲ್ಲಿ ವರ್ಷದ ಜಾಗದಲ್ಲಿ ಹೀಗಿದೆ: ‘13, ಒಂದು ಅಂಕಿ ಮಡಿಕೆಯಲ್ಲಿ ಅಳಿಸಿದೆ, 8’. ನಾನು ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಅಪ್ಪ ಕೈಕಟ್ಟಿ ಕೂರಲಿಲ್ಲ. ನಿಯಮಗಳಲ್ಲಿ 13ನೆಯದು ಅವರಿಗೆ ಬಾಯಿಪಾಠ. ಸಾಕ್ಷಿ ಅಂದರೆ ಕಾಗದವೇ ಆಗಬೇಕಿಲ್ಲ. ಮನೆ, ಬದು, ಬಾವಿ, ಸಮಾಧಿ, ದೇವರ ಸ್ಥಾನ, ವಂಶಾವಳಿ, ಹಿರಿಯರ ಹೇಳಿಕೆ, ಎಲ್ಲ ನಡೆಯುತ್ತದೆ. ಅವರು ಟೇಲರ್ ಅಂಗಡಿಯಿಂದ ಒಂದು ಟೇಪು ತಂದರು. ತಾಂಡಾದ ಹಳೆಯ ಬಾವಿಗೆ ಇಳಿಸಿ ಕಲ್ಲಿನ ಸುತ್ತುಗಳನ್ನು ಎಣಿಸಿದರು. ಸಮಾಧಿಗಳ ಹತ್ತಿರ ಹಿರಿಯರನ್ನು ಕೂರಿಸಿ ಯಾರು ಯಾರ ಮಗ ಅಂತ ಬರೆಸಿಕೊಂಡರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಹೇಳುತ್ತಿದ್ದರು. ತಾಂಡಾದ ನಡುವೆ ಒಂದು ಹುಣಸೆ ಮರ. ಆ ಅಜ್ಜಿಯ ಮಾವನ ಅಪ್ಪ ನೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ಟೇಪು ಸಾಲಲಿಲ್ಲ. ಮೂರು ಜನ ಹುಡುಗರು ಕೈ ಕೈ ಹಿಡಿದು ಬುಡ ಸುತ್ತಿದರೂ ಒಂದು ಗೇಣು ಉಳಿಯಿತು. ಅಪ್ಪ ಅದನ್ನೂ ಹಾಗೇ ಬರೆದರು, ‘ಮೂರು ಆಳಿನ ತೆಕ್ಕೆ ಮೇಲೆ ಒಂದು ಗೇಣು’.

ಸ್ಥಳ ತನಿಖೆ ಒಮ್ಮೆ ಆಗಿತ್ತು. ಜನವರಿಯಲ್ಲಿ. ಆಗ ಅರ್ಧ ತಾಂಡಾ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಲ್ಲು ಇಟ್ಟಿಗೆ ಹೊರುತ್ತಿರುತ್ತದೆ. ತನಿಖೆಗೆ ಬಂದವರು ಬೀಗ ಹಾಕಿದ ಬಾಗಿಲು ನೋಡಿ ‘ವಾಸ ಇಲ್ಲ’ ಅಂತ ಬರೆದುಕೊಂಡು ಹೋದರು. ಅಪ್ಪನಿಗೆ ಅಷ್ಟು ಸಿಟ್ಟು ಬಂದದ್ದು ನಾನು ಹೆಚ್ಚು ನೋಡಿಲ್ಲ. ಆದರೆ ಬರೆದ ಅರ್ಜಿಯಲ್ಲಿ ಸಿಟ್ಟಿನ ಒಂದು ಮಾತೂ ಇಲ್ಲ. ‘ಹೋಳಿ ಹುಣ್ಣಿಮೆಗೆ ತಾಂಡಾದ ಪ್ರತಿಯೊಬ್ಬರೂ ಎಲ್ಲಿದ್ದರೂ ಊರಿಗೆ ಬರುತ್ತಾರೆ. ದಯವಿಟ್ಟು ಆ ವಾರದಲ್ಲಿ ಬಂದು ತಲೆ ಎಣಿಸಬೇಕಾಗಿ ವಿನಂತಿ.’

ಬಂದರು. ಹೋಳಿಯ ದಿನ ಹೊರಗಿನವರು ತಾಂಡಾಕ್ಕೆ ಕಾಲಿಟ್ಟರೆ ಹೆಂಗಸರು ಸುತ್ತುವರಿದು ಕುಣಿದು ಹಾಡಿ ಕಾಸು ಕೇಳುವುದು ವಾಡಿಕೆ. ಬಂದವರನ್ನೂ ಬಿಡಲಿಲ್ಲ. ಹತ್ತೋ ಇಪ್ಪತ್ತೋ ಕೊಟ್ಟು ಬಿಡಿಸಿಕೊಂಡು, ಬಣ್ಣ ಬಿದ್ದ ಅಂಗಿಯಲ್ಲೇ ಅವರು ಮನೆ ಮನೆ ಎಣಿಸಿದರು, ಹೊಲ ಅಳೆದರು. ಪಂಚನಾಮೆಯ ಹಾಳೆಯ ಮೂಲೆಗೆ ಗುಲಾಬಿ ಬಣ್ಣದ ಹೆಬ್ಬೆರಳಿನ ಗುರುತು ಬಿದ್ದಿದೆ. ಅಪ್ಪನ ಪ್ರತಿಯಲ್ಲಿ ಇನ್ನೂ ಇದೆ.

ಇದರ ನಡುವೆ 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮ ಆಯಿತು. 134 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಪತ್ರಿಕೆಗಳು ಬರೆದವು. ತಾಂಡಾಗಳಲ್ಲಿ ಹೆದರಿಕೆ. ಅಪ್ಪನಿಗೆ ಸಂತೋಷ! ಅದನ್ನು ಮುಚ್ಚಿಡಲೂ ಇಲ್ಲ. ತೋಳ, ಕತ್ತೆಕಿರುಬ, ಚಿಗರಿ, ಆ ಕಡ್ಡಿ ಮರಗಳು, ಇವಕ್ಕೆ ಕೊನೆಗೂ ಒಂದು ಕಾವಲು ಸಿಕ್ಕಿತು ಅಂದರು. ಕೆಲವು ಮನೆಯವರು ಅಪ್ಪನ ಬಳಿ ಬರುವುದು ಬಿಟ್ಟರು. ಇನ್ನೊಂದು ಕಡೆಯವರು ಮೊದಲಿಂದಲೂ ಅವರನ್ನು ಕಾಡು ಕಡಿಯುವವರ ವಕೀಲ ಅನ್ನುತ್ತಿದ್ದರು. ಅಪ್ಪ ಎರಡೂ ಕಡೆಗೆ ಕಾಯ್ದೆ ಓದಿ ಹೇಳಿದರು. ವನ್ಯಜೀವಿಧಾಮ ಆದ ಕಾರಣಕ್ಕೆ ಯಾರ ಹಕ್ಕೂ ತಾನಾಗಿ ಸತ್ತುಹೋಗುವುದಿಲ್ಲ. ಹಕ್ಕಿನ ಅರ್ಜಿ ತೀರ್ಮಾನ ಆಗುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಹಾಗೆಯೇ, 2005ರ ಡಿಸೆಂಬರ್ ನಂತರ ಹೊಸದಾಗಿ ಕಡಿದ ಒಂದು ಗುಂಟೆಗೂ ಹಕ್ಕಿಲ್ಲ.

ಆ ಕೊನೆಯ ಮಾತು ಬಾಯಿಮಾತಲ್ಲ ಅಂತ ತೋರಿಸುವ ಸಂದರ್ಭವೂ ಬಂತು. ಸ್ವಲ್ಪ ದೊಡ್ಡವರ ನೆಂಟ ಒಬ್ಬ ಅರ್ಜಿ ಬರೆಸಲು ಬಂದ. ಅಪ್ಪ ಜಮೀನು ನೋಡಬೇಕು ಅಂದರು. ಹೋಗಿ ನೋಡಿದರೆ ಹೊಲದ ಸುತ್ತ ಹನ್ನೊಂದು ಮರಗಳ ಸಿಪ್ಪೆಯನ್ನು ಬುಡದಲ್ಲಿ ಉಂಗುರದ ಹಾಗೆ ಸುಲಿದಿದ್ದಾರೆ. ಕೊಡಲಿ ಏಟು ಹಾಕಿದರೆ ಸದ್ದಾಗುತ್ತದೆ, ಹೀಗೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಅಪ್ಪ ಒಂದೊಂದು ಮರದ ಗಾಯದ ಮೇಲೂ ಕೈ ಇಟ್ಟು ನೋಡಿದರು. ಇನ್ನೂ ಅಂಟು ಅಂಟಾಗಿತ್ತು. ವಾಪಸು ಬಂದು ಮೇಜಿನ ಮೇಲಿನ ಪೆನ್ನಿಗೆ ಮುಚ್ಚಳ ಹಾಕಿ, "ಇದು ನನ್ನಿಂದ ಆಗಂಗಿಲ್ರಿ" ಅಂದರು. ಆ ಮನುಷ್ಯ ಒಂದು ತಿಂಗಳು ದಿನಾ ಬಂದು ಬೈದು ಹೋದ. ಒಂದು ದಿನ ಮೇಜು ಮುರಿದು ಬಿದ್ದಿತ್ತು. ಅಪ್ಪ ಟ್ರಂಕಿನ ಮೇಲೆ ರಟ್ಟು ಇಟ್ಟುಕೊಂಡು ಬರೆದರು.

ತಾಂಡಾದ ಅರ್ಜಿಗಳು ತಿರಸ್ಕಾರ ಆಗಿ ಬಂದವು. ಎಲ್ಲದರ ಮೇಲೂ ಒಂದೇ ಕಾರಣ, 75 ವರ್ಷದ ಲಿಖಿತ ದಾಖಲೆ ಇಲ್ಲ. ಬಾವಿ, ಸಮಾಧಿ, ಹುಣಸೆ ಮರ, ಯಾವುದರ ಮಾತೂ ಇಲ್ಲ. ಇಂಥದ್ದೇ ಕಾಗದ ಬೇಕು ಅಂತ ಹಠ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿಯಲ್ಲೇ ಇದೆ. ಮೇಲ್ಮನವಿಗೆ 60 ದಿನ. ಅಪ್ಪ 40 ದಿನದಲ್ಲಿ ಎಲ್ಲವನ್ನೂ ಬರೆದು ಮುಗಿಸಿದರು. ಆಮೇಲೆ ಕಾಯುವುದು. ವರ್ಷಗಟ್ಟಲೆ.

2016ರಲ್ಲಿ ಅವರ ಮಂಡಿ ಸೋತಿತು. ನಾವು ಹಟ ಮಾಡಿ ಕಲಬುರಗಿಗೆ ಕರೆತಂದೆವು. ಟ್ರಂಕೂ ಜೊತೆಗೆ ಬಂತು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಸುದ್ದಿ ಬಂತು. ಅರ್ಜಿ ತಿರಸ್ಕಾರ ಆದವರನ್ನು ಕಾಡಿನಿಂದ ಹೊರಗೆ ಹಾಕಬೇಕು ಅಂತ. ಆದೇಶ 13ನೇ ತಾರೀಖಿನದು, ನಮ್ಮ ಕಿವಿಗೆ ಬಿದ್ದಿದ್ದು ಒಂದು ವಾರ ಬಿಟ್ಟು. ಮನೆಯ ಫೋನು ರಾತ್ರಿ ಹನ್ನೊಂದರ ತನಕ ಬಡಿದುಕೊಳ್ಳುತ್ತಿತ್ತು. ಅಪ್ಪನಿಗೆ ಆಗ ಎಂಬತ್ತೊಂದು, ಕೈ ನಡುಗುತ್ತಿತ್ತು. ಅವರು ಹೇಳಿದರು, ನಾನು ಬರೆದೆ. ಶಾಲೆ ಮುಗಿಸಿ ಬಂದು ರಾತ್ರಿ ಒಂದು ಗಂಟೆಯವರೆಗೆ. ನನ್ನ ಅಕ್ಷರ ನೋಡಿ "ಸಾಲು ಇಳೀಲತ್ತದ, ನೆಟ್ಟಗ ಬರಿ" ಅನ್ನುತ್ತಿದ್ದರು. 28ಕ್ಕೆ ಕೋರ್ಟು ತನ್ನ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಅರ್ಜಿಗಳನ್ನು ಯಾವ ಕ್ರಮದಲ್ಲಿ ತಿರಸ್ಕರಿಸಿದ್ದೀರಿ ಹೇಳಿ ಅಂತ ರಾಜ್ಯಗಳನ್ನೇ ಕೇಳಿತು. ಅಪ್ಪ ಸುದ್ದಿ ಕೇಳಿ ಟಿ.ವಿ. ಆರಿಸಿ, ಅವ್ವನ ಹತ್ತಿರ ಚಹಾ ಕೇಳಿದರು. ಆ ಎಂಟು ದಿನ ಅವರು ಚಹಾ ಕುಡಿದಿರಲಿಲ್ಲ ಅಂತ ನನಗೆ ಗೊತ್ತಾಗಿದ್ದೇ ಆಗ.

ಮುಂದಿನ ವರ್ಷ ಲಾಕ್‌ಡೌನ್ ಆಗಿ ದುಡಿಯಲು ಹೋದವರೆಲ್ಲ ತಾಂಡಾಗಳಿಗೆ ವಾಪಸು ಬಂದರು. ಜನ ಹೊಲದಲ್ಲಿ, ಶಾಲೆಯಲ್ಲಿ ಮಲಗಿದ ಸುದ್ದಿ ಓದಿ ಅಪ್ಪ ಅತ್ತರು. ಅತ್ತು ಮುಗಿದ ಮೇಲೆ ಅಂದಿದ್ದು, "ಈಗ ಎಲ್ಲಾರೂ ಮನ್ಯಾಗ ಅದಾರ. ತಲಿ ಎಣಿಸಲಿಕ್ಕ ಇದೇ ಟೈಮು."

ಅಪ್ಪನನ್ನು ಹಳ್ಳಿಯ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ತಾಂಡಾದಿಂದ ಎರಡು ಟಾಟಾ ಏಸ್ ತುಂಬ ಜನ ಬಂದಿದ್ದರು. ಹೆಂಗಸರು ಗುಂಡಿಯ ಹತ್ತಿರ ಕೂತು ಒಬ್ಬರ ಕೊರಳಿಗೆ ಒಬ್ಬರು ಬಿದ್ದು ತಮ್ಮ ಭಾಷೆಯಲ್ಲಿ ಹಾಡಿ ಅತ್ತರು. ನಮ್ಮ ಕಡೆ ಹಾಗೆ ಹಾಡಿ ಅಳುವ ರೂಢಿ ಕಡಿಮೆ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಅವತ್ತು ನನ್ನ ಪರವಾಗಿ ಸರಿಯಾಗಿ ಅತ್ತವರು ಅವರೇ.

2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಬಂದು ಐವತ್ತು ಸಾವಿರಕ್ಕಿಂತ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಾಗ ನನಗೆ ಅಪ್ಪ ಬಹಳ ನೆನಪಾದರು. ತಾಂಡಾಗಳು ಕಂದಾಯ ಗ್ರಾಮಗಳಾದವು, ಮನೆಯ ಜಾಗ ಅವರ ಹೆಸರಿಗೆ ಬಂತು. ಅದು ದೊಡ್ಡದೇ. ಆದರೆ ಕಾಡಿನ ಜಮೀನಿನ ಮಾತು ಬೇರೆ ಕಾಯ್ದೆಯದು. ಈ ಹುಡುಗನ ತಾಂಡಾದ ಮನವಿ ಇನ್ನೂ ಹಾಗೇ ಇದೆ.

ನಾನು ಹುಡುಗನಿಗೆ ಅದೇ ಹೇಳಲು ಹೊರಟೆ. ಹೊಸ ಅರ್ಜಿ ಬರೆಸಲು ಬಂದಿದ್ದಾನೆ ಅಂದುಕೊಂಡೆ. ಅವನು ತಲೆ ಅಲ್ಲಾಡಿಸಿದ.

"ಅರ್ಜಿ ಆಮ್ಯಾಲ ನೋಡಣ್ರಿ ಮೇಡಮ್. ನಮ್ಮ ಆಯಿ ಹೋದ ತಿಂಗಳ ತೀರಿದಳ್ರಿ. ಚೀಲ ನನಗ ಬಂತು. ಇದರಾಗ ನಮ್ಮ ದೊಡ್ಡ ಮುತ್ಯಾನ ಹೆಸರು ಎಲ್ಲಿ ಬರ್ದಾರ, ಅದೊಂದು ತೋರಸ್ರಿ."

ಚಿಕ್ಕವಳಿದ್ದಾಗ ಅಪ್ಪ ಎಷ್ಟೋ ಸಲ ಉರ್ದು ಕಲಿಸಲು ಕರೆದಿದ್ದರು. ನಾನು ಹೋಗಲಿಲ್ಲ. ಅವರು ಹೋದ ಮೇಲೆ ಒಂದು ವರ್ಷ ಕೂತು ಅಕ್ಷರ, ಅಂಕಿ ಕಲಿತೆ. ಅಚ್ಚಿನ ಅಕ್ಷರ ಓದುತ್ತೇನೆ, ಶಿಕಸ್ತಾ ಬರುವುದಿಲ್ಲ. ಟ್ರಂಕು ತೆಗೆದೆ. ಮುಚ್ಚಳದ ಸೀಮೆಸುಣ್ಣ ಅರ್ಧ ಅಳಿಸಿದೆ. ತಾಂಡಾದ ಕಟ್ಟಿನಲ್ಲಿ ಅಪ್ಪನ ಕನ್ನಡ ಪ್ರತಿ ಸಿಕ್ಕಿತು. ಮೂಲದಲ್ಲಿ ಎಷ್ಟು ಸಾಲೋ ಪ್ರತಿಯಲ್ಲೂ ಅಷ್ಟೇ ಸಾಲು, ಪ್ರತಿ ಸಾಲಿಗೂ ಅಂಕಿ ಹಾಕಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು, ನಾಲ್ಕನೇ ಸಾಲಿಗೆ ಬಂದು, ಬಲದಿಂದ ಮೂರನೇ ಪದ ಎಣಿಸಿದೆ. ಮೊದಲ ಅಕ್ಷರ ಹೊಂದಿತು. ಕೊನೆಯದೂ ಹೊಂದಿತು. "ಇದು" ಅಂದೆ.

ಹುಡುಗ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಆ ಪದದ ಕೆಳಗೆ ಇಟ್ಟ. ಮುಟ್ಟಲಿಲ್ಲ, ಕೆಳಗೆ ಇಟ್ಟ. ಆಮೇಲೆ ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡ. ಹಿಗ್ಗಿಸಿ ನೋಡಿದ. ಕಾಗದವನ್ನು ಮತ್ತೆ ಹಳೆಯ ಮಡಿಕೆಯಲ್ಲೇ ಮಡಚಲು ಹೋದಾಗ ತಡೆದೆ. ಮಡಚಬೇಡ, ಹಾಗೇ ಚಪ್ಪಟೆಯಾಗಿ ಇಡು ಅಂತ ಮಗಳ ಹಳೆಯ ಡ್ರಾಯಿಂಗ್ ಫೈಲು ಕೊಟ್ಟೆ.

ಹೊರಡುವಾಗ ಪ್ಲಾಸ್ಟಿಕ್ ಚೀಲ ಬಾಗಿಲ ಬಳಿಯೇ ಬಿಟ್ಟ. ಮರೆತ ಅಂತ ಕೂಗಿದೆ. "ನಿಮಗೇರಿ" ಅಂದ. "ಆ ಗಿಡದ್ದೇ." ತೆಗೆದು ನೋಡಿದರೆ ಹೊಸ ಹುಣಸೆ ಹಣ್ಣು. ನಾಲ್ಕೈದು ಕಿಲೋ ಇರಬಹುದು. ಸಿಪ್ಪೆ ಕೂಡ ಬಿಡಿಸಿರಲಿಲ್ಲ.

ಅವ್ವನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಗೋಣಿ ಹಾಸಿಕೊಂಡು, ಒಂದು ಕಲ್ಲು ಮುಂದಿಟ್ಟುಕೊಂಡು ಕೂತಳು. ಸಂಜೆ ದೀಪ ಹಚ್ಚುವ ತನಕ ಒಂದೊಂದೇ ಹಣ್ಣು ಜಜ್ಜಿ, ನಾರು ತೆಗೆದು, ಬೀಜ ಬಿಡಿಸಿದಳು. ಒಂದು ಸಲವೂ ಗೊಣಗಲಿಲ್ಲ. ಬೀಜಗಳನ್ನು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ, "ಹೊಲದಾಗ ನಿಮ್ಮಪ್ಪನ ಹತ್ರ ಒಂದು ಹಾಕಣ, ಮಳಿ ಬೀಳ್ಲಿ" ಅಂದಳು.